ಆಟದ ಬೆಳಕಿಗೆ ಒದಗುವ ಪುಟ್ಟ ಕ್ಯಾಮೆರಾ ಯಾವುದು?

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ, ಛಾಯಾಗ್ರಹಣಕ್ಕೆ ಹೊಸಬ. ರಾತ್ರಿಯ ಯಕ್ಷಗಾನದ ಆಟಗಳನ್ನೂ ಮನೆಯ ಸಮಾರಂಭಗಳನ್ನೂ ಚೆನ್ನಾಗಿ ಸೆರೆಹಿಡಿಯಬೇಕೆಂಬ ಆಸೆಯಿದೆ. ಡಿಎಸ್‌ಎಲ್‌ಆರ್ ಹೊತ್ತು ತಿರುಗಲು ಮನಸ್ಸಿಲ್ಲ. ಅಂಗಡಿಯವರು 30 ಪಟ್ಟು ಜೂಮ್ ಇರುವ ಕಾಂಪ್ಯಾಕ್ಟ್ ತೋರಿಸಿ, ದೂರದಲ್ಲಿ ಕುಳಿತೇ ವೇಷದ ಮುಖ ತುಂಬಿಸಿ ತೆಗೆಯಬಹುದು ಎನ್ನುತ್ತಾರೆ. ಗೆಳೆಯರೊಬ್ಬರು ಕೇವಲ 3 ಪಟ್ಟು ಜೂಮ್ ಇರುವ, ಅದಕ್ಕಿಂತ ದುಬಾರಿಯಾದ ಕ್ಯಾಮೆರಾವನ್ನು ಸೂಚಿಸುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಗೆಳೆಯರ ಮಾತು ಕೇಳಿ. ನೀವು ತೆಗೆಯಬೇಕೆಂದಿರುವುದು ಮಂದ ಬೆಳಕಿನಲ್ಲಿ ವೇಗವಾಗಿ ಚಲಿಸುವ ವೇಷಗಳನ್ನು. ಅಲ್ಲಿ ದೂರವನ್ನು ಹತ್ತಿರ ತರುವ ಶಕ್ತಿಗಿಂತ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಶಕ್ತಿ ಮುಖ್ಯ. ಅಷ್ಟು ದೊಡ್ಡ ಜೂಮ್ ಇರುವ ಪುಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು ಸುಮಾರು 28 ಚದರ ಮಿಲಿಮೀಟರ್ ವಿಸ್ತೀರ್ಣದ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ). ‘1 ಇಂಚು’ ಎಂದು ಕರೆಯುವ ಸೆನ್ಸರಿನ ವಿಸ್ತೀರ್ಣ ಸುಮಾರು 116 ಚದರ ಮಿಲಿಮೀಟರ್, ಅಂದರೆ ನಾಲ್ಕು ಪಟ್ಟು. (ಅದರ ನಿಜವಾದ ಅಳತೆ 13.2 × 8.8 ಮಿಲಿಮೀಟರ್, ಇಂಚೆಂಬ ಹೆಸರು ಹಳೆಯ ಟಿವಿ ಕ್ಯಾಮೆರಾಗಳ ಕೊಳವೆಯ ಲೆಕ್ಕದಿಂದ ಉಳಿದುಕೊಂಡದ್ದು.) ಮೆಗಾಪಿಕ್ಸೆಲ್ ಎಷ್ಟೆಂದು ವಿಚಾರಿಸುವ ಮೊದಲು ಸೆನ್ಸರ್ ಎಷ್ಟು ದೊಡ್ಡದೆಂದು ವಿಚಾರಿಸಿ.

ಎರಡನೆಯದು ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ. ‘ಎಫ್’ ಸಂಖ್ಯೆ ಕಡಿಮೆಯಾದಷ್ಟೂ ಒಳಬರುವ ಬೆಳಕು ಹೆಚ್ಚು. 2012ರಲ್ಲಿ ಬಂದ ಮೊದಲ ಸೋನಿ ಆರ್‌ಎಕ್ಸ್100 ಕ್ಯಾಮೆರಾದ ಲೆನ್ಸ್ ಅಗಲದ ತುದಿಯಲ್ಲಿ ಎಫ್/1.8, ಜೂಮ್ ಮಾಡಿದ ತುದಿಯಲ್ಲಿ ಎಫ್/4.9. ಈ ಎರಡರ ನಡುವೆ ಬೆಳಕಿನ ಅಂತರ ಏಳು ಪಟ್ಟಿಗೂ ಹೆಚ್ಚು. ಇದರ ಅರ್ಥ ನನಗೆ ತಿಳಿದದ್ದು ಬಯಲಾಟವೊಂದರಲ್ಲಿ. ಹಿಂದಿನ ಸಾಲಿನಲ್ಲಿ ಕುಳಿತು, ಪೂರ್ತಿ ಜೂಮ್ ಮಾಡಿ, ಸೆಕೆಂಡಿನ 60ರಲ್ಲಿ ಒಂದು ಭಾಗದ ಶಟರ್ ವೇಗದಲ್ಲಿ (ಬೆಳಕು ಒಳಬರುವ ಅವಧಿ) ತೆಗೆದ ಚಿತ್ರಗಳಲ್ಲಿ ವೇಷಧಾರಿ ಗಿರಕಿ ಹೊಡೆದಾಗಲೆಲ್ಲ ಕಿರೀಟ ಬರಿಯ ಹೊನ್ನಿನ ಗೆರೆಯಾಗಿತ್ತು, ಕಣ್ಣು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ಮುಂದಿನ ಚಾಪೆಗೆ ಹೋಗಿ ಕುಳಿತು, ಜೂಮ್ ಬಿಟ್ಟು ಎಫ್/1.8ರಲ್ಲಿ ತೆಗೆದೆ, ಅದೇ ದೀಪಗಳಡಿ, ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಶಟರ್ 400ರಲ್ಲಿ ಒಂದು ಭಾಗಕ್ಕೆ ಏರಿತು. ಕುಣಿತದ ನಡುವೆ ಹಾರಿದ ಗೆಜ್ಜೆಯ ಕಾಲು, ಹಣೆಯ ನಾಮದ ಅಂಚು ಎಲ್ಲವೂ ಸ್ಪಷ್ಟವಾಗಿ ಬಂದವು.

ಆದ್ದರಿಂದ ಜೂಮ್ ಮಾಡಿದಾಗಲೂ ಬೆಳಕು ಹೆಚ್ಚು ಕಳೆದುಕೊಳ್ಳದ ಲೆನ್ಸ್ ನಿಮಗೆ ಬೇಕು. 2014ರ ಸೋನಿ ಆರ್‌ಎಕ್ಸ್100 ಮಾರ್ಕ್ 3 (ಜೂಮ್ ವ್ಯಾಪ್ತಿ 24–70 ಮಿ.ಮೀ.; ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ) ಮತ್ತು 2016ರ ಕ್ಯಾನನ್ ಜಿ7 ಎಕ್ಸ್ ಮಾರ್ಕ್ 2 (24–100 ಮಿ.ಮೀ.) ಎರಡರಲ್ಲೂ ಎಫ್/1.8ರಿಂದ 2.8ರವರೆಗಿನ ಲೆನ್ಸ್ ಇದೆ. ತೂಕ ಸುಮಾರು 300 ಗ್ರಾಂ. ಕ್ಯಾನನ್ ಸ್ವಲ್ಪ ಹೆಚ್ಚು ದೂರ ತಲುಪುತ್ತದೆ. ಸೋನಿಯಲ್ಲಿ ಮೇಲಕ್ಕೆ ಎದ್ದು ಬರುವ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇದೆ, ಕ್ಯಾನನ್‌ನಲ್ಲಿ ಇಲ್ಲ. ನನ್ನ ಒಲವು ಸೋನಿಯ ಕಡೆಗೆ. ಕತ್ತಲಲ್ಲಿ ಹೊಳೆಯುವ ಪರದೆಯಿಂದ ಹಿಂದೆ ಕುಳಿತವರಿಗೆ ರಾತ್ರಿಯಿಡೀ ಕಿರಿಕಿರಿಯಾಗುತ್ತದೆ; ವ್ಯೂಫೈಂಡರಿಗೆ ಕಣ್ಣಿಟ್ಟರೆ ಆ ತೊಂದರೆಯಿಲ್ಲ, ಕೈಯೂ ಅಲುಗುವುದಿಲ್ಲ. ರಿಕೋ ಜಿಆರ್ 3ರ ಸೆನ್ಸರ್ ಇವೆರಡಕ್ಕಿಂತ ಮೂರು ಪಟ್ಟು ದೊಡ್ಡದಾದರೂ ಅದರಲ್ಲಿ ಆಪ್ಟಿಕಲ್ ಜೂಮ್ ಇಲ್ಲ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರ ಪಕ್ಕದಲ್ಲೇ ಕುಳಿತು, ಅವರ ಒಪ್ಪಿಗೆ ಪಡೆದು ಚಿತ್ರ ತೆಗೆಯುವವರಿಗೆ ಅದು ಒಳ್ಳೆಯ ಸಂಗಾತಿ, ರಂಗಸ್ಥಳಕ್ಕೆ ಮಾತ್ರ ಸಾಲದು.

ಯಾವುದನ್ನೇ ಕೊಂಡರೂ ಫ್ಲ್ಯಾಷ್ ಆರಿಸಿಡಿ. ಅದು ಕುಣಿಯುವವರ ಕಣ್ಣಿಗೆ ಕುಕ್ಕುತ್ತದೆ, ವೇಷದ ಮೇಲಿನ ಬಣ್ಣದ ಬೆಳಕನ್ನೂ ಕೊಲ್ಲುತ್ತದೆ. ಸುತ್ತಲಿನ ಕತ್ತಲೆಯನ್ನು ನೋಡಿ ಕ್ಯಾಮೆರಾ ತಾನಾಗಿ ಚಿತ್ರವನ್ನು ಅತಿಯಾಗಿ ಬೆಳಗಿಸುವುದರಿಂದ ಮುಖ ಮತ್ತು ಕಿರೀಟ ಬಿಳಿಚಿಕೊಳ್ಳುತ್ತವೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಹೊಳಪನ್ನು ಹೆಚ್ಚು ಕಡಿಮೆ ಮಾಡುವ) ಗುಂಡಿಯನ್ನು ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಟ್ಟರೆ ಕೆಂಪು, ಹೊನ್ನು ಎರಡೂ ಉಳಿಯುತ್ತವೆ. ಬೆಳಗಿನವರೆಗೆ ಆಟ ನೋಡುವವರು ಇನ್ನೊಂದು ಬ್ಯಾಟರಿಯನ್ನು ಜೇಬಿನಲ್ಲಿ ಇಟ್ಟುಕೊಂಡಿರಲೇಬೇಕು.

ಪ್ರಶ್ನೆ: ಇಂಥ ಕ್ಯಾಮೆರಾಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?
– ಓದುಗರು, ಮೈಸೂರು

ಉತ್ತರ: ಕೊಳ್ಳಬಹುದು, ಕೈಯಲ್ಲಿ ಹಿಡಿದು ನೋಡಿದ ಮೇಲೆ. ಜೂಮ್ ಮಾಡುವಾಗ ಲೆನ್ಸ್ ಹೊರಚಾಚಿ ಒಳಸರಿಯುವುದರಿಂದ ಗಾಳಿಯೊಡನೆ ಧೂಳು ಒಳಗೆ ಸೇರುತ್ತದೆ, ಮತ್ತು ಲೆನ್ಸ್ ಕಳಚಲಾಗದ ಕಾರಣ ಅದನ್ನು ನಾವೇ ಒರೆಸಲಾಗದು. ಅಪರ್ಚರನ್ನು ಎಫ್/11ಕ್ಕೆ ಕಿರಿದುಗೊಳಿಸಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಹಿಗ್ಗಿಸಿ ನೋಡಿದಾಗ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೂದು ಚುಕ್ಕೆ ಕಂಡರೆ ಅದು ಸೆನ್ಸರಿನ ಮೇಲಿನ ಧೂಳು. ಐದಾರು ಬಾರಿ ಆನ್ ಮತ್ತು ಆಫ್ ಮಾಡಿ, ಲೆನ್ಸ್ ತಡೆಯಿಲ್ಲದೆ ಸರಿಯುವುದೇ ಎಂದು ಕಿವಿಗೊಟ್ಟು ಕೇಳಿ. ಕರಕರ ಸದ್ದು ಬಂದರೆ, ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.