ಟೀಚರ್ ಹತ್ರ ಕೇಳಿ: ಐಇಎಲ್‌ಟಿಎಸ್‌ಗೆ ಬಾಯಿಪಾಠ ಯಾಕೆ, ಹೇಳ್ಲಿಕ್ಕೆ ನಿಮ್ಮ ಹತ್ರವೇ ಬೇಕಾದಷ್ಟುಂಟು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊರದೇಶಕ್ಕೆ ಓದ್ಲಿಕ್ಕೆ ಹೋಗುವವರು ಬರಿಬೇಕಾದ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆ ಬಗ್ಗೆಯೇ ಉಂಟು. ಎಲ್ಲ ಪತ್ರ ಹಾಕ್ಲಿಕ್ಕೆ ಜಾಗ ಸಾಲದು, ಒಂದೇ ತರದ್ದನ್ನು ಸೇರಿಸಿ ಐದಕ್ಕೆ ಉತ್ತರ ಬರ್ದಿದ್ದೇನೆ.

ಪ್ರಶ್ನೆ: ಟೀಚರ್, ನಾನು ಕಾಸರಗೋಡಿನ ಪೆರ್ಲ ಕಡೆಯವಳು. ಹತ್ತನೇವರೆಗೆ ಪೂರ್ತಿ ಕನ್ನಡ ಮೀಡಿಯಂ, ಮನೆಯಲ್ಲಿ ತುಳು, ಈಗ ಬಿಎಸ್ಸಿ ಫೈನಲ್ ಇಯರ್. ಐರ್ಲೆಂಡಲ್ಲಿ ಎಂಎಸ್ಸಿ ಮಾಡ್ಬೇಕು ಅಂತ ಆಸೆ. ಕೋಚಿಂಗಲ್ಲಿ ಒಂದು ಕಟ್ಟು ಎಸ್ಸೇ ಕೊಟ್ಟು ಬಾಯಿಪಾಠ ಮಾಡ್ಲಿಕ್ಕೆ ಹೇಳಿದ್ದಾರೆ. ಎಷ್ಟು ಕಲಿತ್ರೂ ಮರೆತುಹೋಗ್ತದೆ. ಮಾತಾಡ್ಲಿಕ್ಕೆ ನಿಂತ್ರೆ ತಲೆಯಲ್ಲಿ ಮೊದಲು ಕನ್ನಡವೇ ಬರ್ತದೆ. ಕನ್ನಡ ಮೀಡಿಯಂನವರಿಗೆ ಇದು ಆಗುವ ಕೆಲಸವಾ?

ಉತ್ತರ: ಆಗುವ ಕೆಲಸವೇ ಮಗಳೇ, ಆದ್ರೆ ಆ ಕಟ್ಟನ್ನು ಮೊದಲು ಬದಿಗಿಡು. ಬಾಯಿಪಾಠ ಮಾಡಿ ಬರ್ದದ್ದನ್ನು ಗುರುತು ಹಿಡಿಲಿಕ್ಕೆ ಆ ಪರೀಕ್ಷಕರಿಗೆ ಟ್ರೇನಿಂಗೇ ಕೊಟ್ಟಿರ್ತಾರೆ, ಹಿಡಿದ್ರೆ ಬ್ಯಾಂಡ್, ಅಂದ್ರೆ ಸ್ಕೋರ್, ಇಳಿತದೆ. ಹಿಡಿಯದಿದ್ರೂ ನಷ್ಟವೇ, ಯಾಕಂದ್ರೆ ರೈಟಿಂಗಲ್ಲಿ ಮಾರ್ಕ್ ನಾಲ್ಕು ಪಾಲಾಗಿ ಹೋಗುದು: ಕೇಳಿದ್ದಕ್ಕೇ ಉತ್ತರ ಕೊಟ್ಟಿದ್ದೀಯಾ, ಮಾತಿಗೆ ಮಾತು ಜೋಡಣೆ ಉಂಟಾ, ಶಬ್ದ ಸಂಪತ್ತು, ವ್ಯಾಕರಣ. ನಾಲ್ಕಕ್ಕೂ ಸಮಪಾಲು. ಬೇರೆ ಯಾವುದೋ ಪ್ರಶ್ನೆಗೆ ಯಾರೋ ಬರ್ದ ಉತ್ತರವನ್ನು ನೀನು ತಂದು ಹಾಕಿದ್ರೆ ಮೊದಲನೇ ಪಾಲು ಅಲ್ಲಿಗೇ ಹೋಯ್ತು. ಮಕ್ಕಳಿಂದ ಹಣ ತಗೊಂಡು ಈ ಅಭ್ಯಾಸ ಮಾಡಿಸುದು ನಂಗೆ ನಿಜವಾಗಿಯೂ ಬೇಜಾರಿನ ವಿಷಯ.

ನಮ್ಮ ಊರಲ್ಲಿ ಹುಟ್ಟಿದವಳು ನೀನು, ತಾಳಮದ್ದಳೆ ಕೇಳಿರ್ತೀಯ. ಅರ್ಥಧಾರಿಗಳು ವಾಕ್ಯ ಬಾಯಿಪಾಠ ಮಾಡಿ ಬಂದು ಕೂತುಕೊಳ್ತಾರಾ? ಪ್ರಸಂಗ ಗೊತ್ತಿರ್ತದೆ, ಪದ್ಯ ಗೊತ್ತಿರ್ತದೆ, ಎದುರಿನವ ಎಂತ ಹೇಳಿದ ಅಂತ ಕಿವಿಗೊಟ್ಟು ಕೇಳಿ ಅದಕ್ಕೆ ತಕ್ಕ ಹಾಗೆ ಮಾತು ಕಟ್ತಾರೆ. ಈ ಪರೀಕ್ಷೆ ನಿನ್ನಿಂದ ಕೇಳುದೂ ಅದನ್ನೇ. ಒಂದು ಪಕ್ಷ ಹಿಡಿ, ಕಾರಣ ಕೊಡು, ಒಂದು ಉದಾಹರಣೆ ಹೇಳು, ಎದುರು ಪಕ್ಷದ ಮಾತಿಗೂ ಒಂದು ಉತ್ತರ ಇರ್ಲಿ. ದೊಡ್ಡ ದೊಡ್ಡ ಶಬ್ದ ಬೇಕಂತ ಇಲ್ಲ.

ಕನ್ನಡ ಮೊದಲು ಬರ್ತದೆ ಅಂತ ಹೆದರ್ಬೇಡ. ವಿಚಾರ ಯಾವ ಭಾಷೆಯಲ್ಲಿ ಬಂತು ಅಂತ ಯಾರೂ ಕೇಳುದಿಲ್ಲ. ರೈಟಿಂಗಲ್ಲಿ ಎರಡು ಟಾಸ್ಕ್ ಉಂಟು, ಎಸ್ಸೇ ಬರಿಬೇಕಾದ ಎರಡನೇ ಟಾಸ್ಕಿಗೆ ನಲ್ವತ್ತು ನಿಮಿಷ ಇಟ್ಟುಕೊಳ್ಬೇಕು, ಕಮ್ಮಿ ಅಂದ್ರೆ 250 ಶಬ್ದ. ಅದರಲ್ಲಿ ಮೊದಲ ಐದು ನಿಮಿಷ ರಫ್ ಪೇಪರಲ್ಲಿ ಕನ್ನಡದಲ್ಲೋ ತುಳುವಲ್ಲೋ ಪಾಯಿಂಟ್ ಹಾಕಿಕೋ, ಧೈರ್ಯವಾಗಿ ಹಾಕಿಕೋ. ಆದ್ರೆ ಬರಿಲಿಕ್ಕೆ ಶುರು ಮಾಡಿದ ಮೇಲೆ ಕನ್ನಡದ ಉದ್ದ ವಾಕ್ಯವನ್ನು ತಲೆಯಲ್ಲಿಟ್ಟುಕೊಂಡು ತಿರುಗಿಸ್ಲಿಕ್ಕೆ ಹೋಗ್ಬೇಡ, ಅಲ್ಲೇ ಸಿಕ್ಕಿಬೀಳುದು. ಸಣ್ಣ ವಾಕ್ಯ ಬರಿ. ಮೊದಲನೇ ಟಾಸ್ಕ್ 150 ಶಬ್ದ, ಇಪ್ಪತ್ತು ನಿಮಿಷ, ಮತ್ತೆ ಎರಡನೆಯದಕ್ಕೆ ಇದರ ಎರಡು ಪಟ್ಟು ತೂಕ ಉಂಟು, ಹಾಗಾಗಿ ಮೊದಲನೆಯದಕ್ಕೇ ಅರ್ಧ ಗಂಟೆ ಕಳೆದು ಕೂತುಕೊಳ್ಬಾರದು.

ಆ ಮೊದಲನೇ ಟಾಸ್ಕಲ್ಲಿ ಗ್ರಾಫ್ ಬರಬಹುದು, ಟೇಬಲ್ ಬರಬಹುದು, ಒಂದು ವಸ್ತು ಹೇಗೆ ತಯಾರಾಗ್ತದೆ ಅಂತ ತೋರಿಸುವ ಚಿತ್ರವೂ ಬರಬಹುದು. ಅದಕ್ಕೆ ಅಭ್ಯಾಸ ನಿನ್ನ ಅಂಗಳದಲ್ಲೇ ಉಂಟು. ಹಣ್ಣಡಿಕೆ ಕೊಯ್ಯುದು, ಅಂಗಳದಲ್ಲಿ ಹರಡಿ ನಲ್ವತ್ತು ದಿವಸದ ಆಸುಪಾಸು ಒಣಗಿಸುದು, ಮಧ್ಯ ಮಧ್ಯ ಮಗುಚಿ ಹಾಕುದು, ಸುಲಿಯುದು, ಚಾಲಿ, ಅಂದ್ರೆ ಸುಲಿದ ಒಣ ಅಡಿಕೆ, ಬೇರೆ ಬೇರೆ ಮಾಡುದು. ಇದನ್ನೇ ಇಂಗ್ಲಿಷಲ್ಲಿ 150 ಶಬ್ದದಲ್ಲಿ ಬರಿ. ಯಾರು ಮಾಡ್ತಾರೆ ಅಂತ ಹೇಳದೆ, ಕೊಯ್ಯಲಾಗ್ತದೆ, ಒಣಗಿಸಲಾಗ್ತದೆ ಅನ್ನುವ ತರ, ಶಾಲೆಯಲ್ಲಿ ಪ್ಯಾಸಿವ್ ವಾಯ್ಸ್ ಅಂತ ಕಲಿಸಿದ್ರಲ್ಲ, ಅದು ಇಲ್ಲಿ ತುಂಬ ಉಪಯೋಗಕ್ಕೆ ಬರ್ತದೆ. ಕೆಲವೊಮ್ಮೆ ಎರಡು ಮ್ಯಾಪ್ ಕೊಟ್ಟು ಒಂದು ಊರು ಮೊದಲು ಹೇಗಿತ್ತು ಈಗ ಹೇಗುಂಟು ಅಂತ ಬರಿಲಿಕ್ಕೆ ಹೇಳ್ತಾರೆ. ನಮ್ಮ ಹೈವೇ 66 ಆರು ಲೇನ್ ಆಗುವ ಮೊದಲು ಕುಂಬಳೆಯೋ ಉಪ್ಪಳವೋ ಹೇಗಿತ್ತು, ಮರ ಎಲ್ಲಿತ್ತು, ಅಂಗಡಿ ಸಾಲು ಎಲ್ಲಿತ್ತು, ಈಗ ಸರ್ವಿಸ್ ರೋಡ್ ಎಲ್ಲಿಂದ ಹೋಗ್ತದೆ, ಒಂದು ಪುಟ ಬರೆದು ನೋಡು. ಕಣ್ಣಾರೆ ಕಂಡದ್ದನ್ನು ಬರಿವಾಗ ಶಬ್ದ ಹುಡುಕುದು ಮಾತ್ರ ನಿನ್ನ ಕೆಲಸ, ವಿಷಯ ಹುಡುಕುವ ಕಷ್ಟ ಇಲ್ಲ.

ಸ್ಪೀಕಿಂಗಿಗೂ ಇದೇ ದಾರಿ. ಒಟ್ಟು 11ರಿಂದ 14 ನಿಮಿಷ, ಮನುಷ್ಯರ ಎದುರೇ ಮಾತಾಡುದು. ಮೊದಲು ಮನೆ, ಊರು, ಓದು ಅಂತ ಸುಲಭದ್ದು ಕೇಳ್ತಾರೆ. ಮತ್ತೆ ಒಂದು ಕಾರ್ಡ್ ಕೊಡ್ತಾರೆ, ಒಂದು ನಿಮಿಷ ಯೋಚನೆ ಮಾಡ್ಲಿಕ್ಕೆ, ಎರಡು ನಿಮಿಷದವರೆಗೆ ಮಾತಾಡ್ಲಿಕ್ಕೆ. ಕೊನೆಗೆ ಅದೇ ವಿಷಯ ಸ್ವಲ್ಪ ಆಳಕ್ಕೆ ತಗೊಂಡು ಚರ್ಚೆ. ನಿಂಗೆ ಇಷ್ಟದ ಜಾಗ ಹೇಳು ಅಂದ್ರೆ ಎಲ್ಲರೂ ತಾಜ್‌ಮಹಲ್ ಹೇಳ್ತಾರೆ, ನೋಡಿರುದಿಲ್ಲ, ಮೂರು ವಾಕ್ಯಕ್ಕೆ ಮುಗಿದುಹೋಗ್ತದೆ. ನೀನು ಅನಂತಪುರದ ಕೆರೆ ಮಧ್ಯದ ದೇವಸ್ಥಾನ ಹೇಳು, ಯಾರ ಜೊತೆ ಹೋದದ್ದು, ಬಿಸಿಲಿಗೆ ಮುರಕಲ್ಲಿನ ಮೇಲೆ ಕಾಲು ಹೇಗೆ ಸುಟ್ಟಿತು, ಅಜ್ಜಿ ಎಂತ ಕಥೆ ಹೇಳಿದ್ರು, ಎರಡು ನಿಮಿಷ ಸಾಕಾಗುದಿಲ್ಲ ನಿಂಗೆ. ದಿನಾ ರಾತ್ರಿ ಒಂದು ವಿಷಯ ಹಿಡಿದು ಫೋನಲ್ಲಿ ರೆಕಾರ್ಡ್ ಮಾಡಿ ಕೇಳು. ಮೊದಮೊದಲು ನಿನ್ನ ಸ್ವರ ನಿಂಗೇ ಆಗುದಿಲ್ಲ, ಆದ್ರೂ ಬಿಡ್ಬೇಡ, ಎಲ್ಲಿ ತಡೀತಾ ಉಂಟು ಅಂತ ನಿಂಗೇ ಕೇಳಿಸ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಮಲಯಾಳ ಮಾತಾಡಿ ಬೆಳೆದವಳು ನೀನು, ಒಂದರಿಂದ ಇನ್ನೊಂದಕ್ಕೆ ದಾಟುದು ನಿಂಗೆ ಹೊಸತಲ್ಲ.

ಪ್ರಶ್ನೆ: ಟೀಚರ್ರಿಗೆ ನಮಸ್ಕಾರ. ನಾನು ಮುಳ್ಳೇರಿಯ ಹತ್ತಿರದ ಕೃಷಿಕ. ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಒಬ್ಬರು ಐಇಎಲ್‌ಟಿಎಸ್ ಅಂತಾರೆ, ಇನ್ನೊಬ್ಬರು ಟೋಫೆಲ್ ಅಂತಾರೆ, ನೆರೆಕರೆಯ ಹುಡುಗ ಡುವೊಲಿಂಗೊ ಅಂತ ಮನೆಯಲ್ಲೇ ಕೂತು ಬರ್ದನಂತೆ. ಈ ವರ್ಷ ಅಡಿಕೆಗೆ ಮಹಾಳಿ (ಕೊಳೆರೋಗ) ಬಂದು ಕೈ ಬಿಗಿ ಉಂಟು. ಯಾವುದಕ್ಕೆ ಹಣ ಕಟ್ಟುದು, ಕೋಚಿಂಗ್ ಬೇಕೇ ಬೇಕಾ?

ಉತ್ತರ: ಅಣ್ಣ, ಈಗ ಯಾವುದಕ್ಕೂ ಕಟ್ಟಬೇಡಿ. ಮೊದಲು ಮಗ ಯಾವ ದೇಶ, ಯಾವ ಯೂನಿವರ್ಸಿಟಿ ಅಂತ ನಾಲ್ಕೈದು ಹೆಸರು ಗಟ್ಟಿ ಮಾಡ್ಲಿ. ಪ್ರತಿಯೊಂದು ಯೂನಿವರ್ಸಿಟಿಯ ವೆಬ್‌ಸೈಟಲ್ಲೂ ಯಾವ ಪರೀಕ್ಷೆ ಆಗ್ತದೆ, ಎಷ್ಟು ಸ್ಕೋರ್ ಬೇಕು ಅಂತ ಬರ್ದಿರ್ತದೆ. ಕೆಲವು ಕಡೆ ಡಿಗ್ರಿ ಇಂಗ್ಲಿಷ್ ಮೀಡಿಯಂನಲ್ಲಿ ಆದದ್ದು ಅಂತ ಕಾಲೇಜಿನ ಪತ್ರ ಕೊಟ್ರೂ ನಡೀತದೆ, ಅಲ್ಲಿ ಪರೀಕ್ಷೆಯ ಖರ್ಚೇ ಇಲ್ಲ. ಡುವೊಲಿಂಗೊ ಮನೆಯಲ್ಲೇ ಬರೆಯುವಂಥದ್ದು, ಫೀಸೂ ಕಮ್ಮಿ, ಆದ್ರೆ ಎಲ್ಲ ಕಡೆ ತಗೊಳ್ಳುದಿಲ್ಲ. ವೀಸಾಕ್ಕೆ ಬೇರೆ ನಿಯಮ ಇರಬಹುದು, ಅದನ್ನೂ ಆ ದೇಶದ ಸರ್ಕಾರಿ ವೆಬ್‌ಸೈಟಲ್ಲೇ ನೋಡ್ಬೇಕು, ಏಜೆಂಟ್ ಹೇಳಿದ ಅಂತ ನಂಬಿ ಹಣ ಕಟ್ಟುದು ಬೇಡ.

ಐಇಎಲ್‌ಟಿಎಸ್‌ಗೂ ಟೋಫೆಲಿಗೂ ದೊಡ್ಡ ವ್ಯತ್ಯಾಸ ಮಾತಾಡುದರಲ್ಲಿ. ಐಇಎಲ್‌ಟಿಎಸಲ್ಲಿ ಎದುರು ಮನುಷ್ಯ ಇರ್ತಾರೆ, ಟೋಫೆಲಲ್ಲಿ ಮೈಕಿಗೆ ಹೇಳುದು. ಮಗನಿಗೆ ಯಾವುದು ಹಗುರ ಅಂತ ಅವನೇ ನೋಡ್ಬೇಕು. ಟೋಫೆಲ್ ತಗೊಳ್ಳುದಾದ್ರೆ ಒಂದು ಜಾಗ್ರತೆ ಬೇಕು: 2023ರಲ್ಲಿ ಅದನ್ನು ಎರಡು ಗಂಟೆಯಷ್ಟಕ್ಕೆ ಸಣ್ಣ ಮಾಡಿದ್ರು, 2026ರ ಜನವರಿಯಿಂದ ಪುನಃ ಬದಲಾಗಿ, 120ರ ಲೆಕ್ಕದ ಜೊತೆಗೆ 1ರಿಂದ 6ರ ಹೊಸ ಸ್ಕೇಲ್ ಬಂದಿದೆ. ಹಾಗಾಗಿ ಯಾರೋ ಕೊಟ್ಟ ಹಳೇ ಪುಸ್ತಕ ಇಟ್ಟುಕೊಂಡು ಓದಿದ್ರೆ ಬೇರೆಯೇ ಪರೀಕ್ಷೆಗೆ ಓದಿದ ಹಾಗೆ ಆಗ್ತದೆ. ಎರಡರ ಸ್ಕೋರಿಗೂ ಎರಡೇ ವರ್ಷ ವ್ಯಾಲಿಡಿಟಿ, ತುಂಬ ಮೊದಲೇ ಬರೆದು ಇಟ್ಟುಕೊಳ್ಳುದೂ ಪ್ರಯೋಜನ ಇಲ್ಲ.

ಪಾಸ್‌ಪೋರ್ಟ್ ಇಲ್ಲದಿದ್ರೆ ಮೊದಲು ಅದನ್ನು ಮಾಡಿಸಿ, ಐಇಎಲ್‌ಟಿಎಸ್ ಪರೀಕ್ಷೆಯ ಹಾಲ್‌ಗೆ ಹೋಗುವಾಗ ಅದೇ ಐಡಿ. ರಿಜಿಸ್ಟರ್ ಮಾಡುವಾಗ ಹೆಸರು ಪಾಸ್‌ಪೋರ್ಟಲ್ಲಿ ಹೇಗುಂಟೋ ಹಾಗೆಯೇ ಹಾಕ್ಬೇಕು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಬುಕ್ಕಲ್ಲಿ ಇನಿಶಿಯಲ್, ಪಾಸ್‌ಪೋರ್ಟಲ್ಲಿ ತಂದೆ ಹೆಸರು ಪೂರ್ತಿ, ಇನ್ನೊಂದರಲ್ಲಿ ಮನೆತನದ ಹೆಸರು, ಹೀಗೆ ಮೂರು ತರ ಇರ್ತದೆ, ಇದರಿಂದ ಮಕ್ಕಳು ಕೊನೆ ಗಳಿಗೆಯಲ್ಲಿ ಓಡಾಡುದು ತುಂಬ ನೋಡಿದ್ದೇನೆ.

ಕೋಚಿಂಗ್ ಬೇಕಾ ಅಂತ ಕೇಳಿದ್ರಿ. ಪರೀಕ್ಷೆ ನಡೆಸುವವರೇ ಸ್ಯಾಂಪಲ್ ಪೇಪರ್ ಫ್ರೀಯಾಗಿ ವೆಬ್‌ಸೈಟಲ್ಲಿ ಹಾಕಿದ್ದಾರೆ. ಮಗನನ್ನು ಒಂದು ಆದಿತ್ಯವಾರ ಗಡಿಯಾರ ಇಟ್ಟು ಕೂರಿಸಿ, ಒಂದು ಪೂರ್ತಿ ಪೇಪರ್ ಬರೀಲಿ. ಐಇಎಲ್‌ಟಿಎಸ್ ಆದ್ರೆ ಲಿಸನಿಂಗಲ್ಲಿ 40, ರೀಡಿಂಗಲ್ಲಿ 40 ಪ್ರಶ್ನೆ. ಅಂದಾಜಿಗೆ 23 ಸರಿಯಾದ್ರೆ ಬ್ಯಾಂಡ್ 6, 30 ಆದ್ರೆ 7. ಇಪ್ಪತ್ತೈದರ ಮೇಲೆ ಬಂದ್ರೆ ಆ ಎರಡಕ್ಕೆ ಕೋಚಿಂಗ್ ಬೇಡ, ಮನೆಯಲ್ಲೇ ಆಗ್ತದೆ. ರೈಟಿಂಗ್ ತಿದ್ದಿಕೊಡ್ಲಿಕ್ಕೆ ಮಾತ್ರ ಒಬ್ಬರು ಬೇಕು. ಅವನಿಗೆ ಕಲಿಸಿದ ಇಂಗ್ಲಿಷ್ ಟೀಚರ್ ಹತ್ರವೇ ಹೋಗಿ ಕೇಳ್ಲಿ, ನಮ್ಮ ಊರಿನ ಮಾಷ್ಟ್ರು ಟೀಚರ್ರುಗಳು ಹಳೇ ಶಿಷ್ಯರು ಬಂದ್ರೆ ಇಲ್ಲ ಅನ್ನುದು ಕಮ್ಮಿ.

ಮತ್ತೆ ಈ ಸರಾಸರಿ ಲೆಕ್ಕ ಒಮ್ಮೆ ನೋಡಿಕೊಳ್ಳಿ. ಲಿಸನಿಂಗ್, ರೀಡಿಂಗ್, ರೈಟಿಂಗ್, ಸ್ಪೀಕಿಂಗ್ ಅಂತ ನಾಲ್ಕು ಭಾಗದ್ದನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿ ಹತ್ತಿರದ ಅರ್ಧಕ್ಕೆ ತರ್ತಾರೆ. 6.5, 6.5, 7, 5 ಬಂದ್ರೆ 6.25, ಅದು 6.5 ಆಗ್ತದೆ. ಕೇಳ್ಲಿಕ್ಕೆ ಖುಷಿ, ಆದ್ರೆ ಹೆಚ್ಚಿನ ಕಡೆ ಒಟ್ಟು 6.5, ಯಾವುದರಲ್ಲೂ 6ಕ್ಕಿಂತ ಕಮ್ಮಿ ಆಗ್ಬಾರದು ಅಂತ ಇರ್ತದೆ, ಆಗ ಆ 5 ಇಟ್ಟುಕೊಂಡು ಸೀಟು ಸಿಕ್ಕುದಿಲ್ಲ. ಕಂಪ್ಯೂಟರಲ್ಲಿ ಬರ್ದವರಿಗೆ ಒಂದೇ ಭಾಗವನ್ನು ಮಾತ್ರ 60 ದಿವಸದ ಒಳಗೆ ಪುನಃ ಬರೆಯುವ ಅವಕಾಶ ಉಂಟು, ಅದನ್ನು ಆ ಯೂನಿವರ್ಸಿಟಿ ಒಪ್ತದಾ ಅಂತ ಮೊದಲೇ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಬಿಎಸ್ಸಿ ನರ್ಸಿಂಗ್, ಕುಂಬಳೆ. ಯುಕೆಗೆ ಹೋಗ್ಲಿಕ್ಕೆ ಐಇಎಲ್‌ಟಿಎಸ್ ಒಳ್ಳೇದಾ ಒಇಟಿ ಒಳ್ಳೇದಾ ಟೀಚರ್?

ಉತ್ತರ: ಒಇಟಿ ಅಂದ್ರೆ ನರ್ಸ್, ಡಾಕ್ಟರ್ ತರದವರಿಗೇ ಇರುವ ಇಂಗ್ಲಿಷ್ ಪರೀಕ್ಷೆ. ಯುಕೆಯ ನರ್ಸಿಂಗ್ ಕೌನ್ಸಿಲ್ ಎರಡನ್ನೂ ತಗೊಳ್ತದೆ. ಐಇಎಲ್‌ಟಿಎಸ್ ಆದ್ರೆ ಮೂರರಲ್ಲಿ 7, ರೈಟಿಂಗಲ್ಲಿ 6.5 ಬೇಕು. ಒಇಟಿ ಆದ್ರೆ ಮೂರರಲ್ಲಿ ಬಿ, ರೈಟಿಂಗಲ್ಲಿ ಸಿ ಪ್ಲಸ್. ನನ್ನ ಅಭಿಪ್ರಾಯ ಕೇಳಿದ್ರೆ ವಾರ್ಡಲ್ಲಿ ಕೆಲಸ ಮಾಡಿ ಗೊತ್ತಿರುವವರಿಗೆ ಒಇಟಿ ಹತ್ತಿರ ಆಗ್ತದೆ, ಯಾಕಂದ್ರೆ ಅಲ್ಲಿ ಬರೆಯುದು ರೋಗಿಯ ಬಗ್ಗೆ ಪತ್ರ, ಮಾತಾಡುದು ರೋಗಿಯ ಹತ್ರ ಮಾತಾಡಿದ ಹಾಗೆ. ಹೊರದೇಶಕ್ಕೆ ಹೋಗುವವರ ವಿಷಯ ನೋಡಿಕೊಳ್ಳುವ ಕೇರಳ ಸರ್ಕಾರದ ನೋರ್ಕಾ ರೂಟ್ಸ್‌ನವರದ್ದೇ ಭಾಷೆ ಕಲಿಸುವ ಸಂಸ್ಥೆ ಉಂಟು, ಖಾಸಗಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸು. ನಾವು ಕಾಸರಗೋಡಿನವರು ಕೇರಳದ ಸವಲತ್ತು ಕೇಳಿ ಪಡೆಯುದರಲ್ಲಿ ಯಾವಾಗಲೂ ಹಿಂದೆ, ಅದು ನಮಗೂ ಇರುವಂಥದ್ದೇ.

ಪ್ರಶ್ನೆ: ನಮ್ಮ ಇಂಗ್ಲಿಷಲ್ಲಿ ಮಲಯಾಳ, ತುಳು ಎಲ್ಲ ಕೇಳಿಸ್ತದೆ ಅಂತ ಫ್ರೆಂಡ್ಸ್ ನಗ್ತಾರೆ. ಆಕ್ಸೆಂಟಿಗೆ ಮಾರ್ಕ್ ಕಟ್ ಆಗ್ತದಾ? (ಉಪ್ಪಳದಿಂದ)

ಉತ್ತರ: ಇಲ್ಲಪ್ಪ. ಹೇಳಿದ್ದು ಎದುರಿನವರಿಗೆ ಕಷ್ಟ ಇಲ್ಲದೆ ಅರ್ಥ ಆಗ್ಬೇಕು, ಅಷ್ಟೇ ನೋಡುದು. ಬ್ರಿಟಿಷರ ತರ ಮಾತಾಡ್ಲಿಕ್ಕೆ ಹೋದ್ರೆ ಇದ್ದ ಸ್ಪೀಡೂ ಹೋಗ್ತದೆ. ಎರಡು ವಿಷಯ ಮಾತ್ರ ತಿದ್ದಿಕೋ: ಶಬ್ದದ ಕೊನೆಗೆ ಬಸ್ಸು, ಬುಕ್ಕು ಅಂತ ಉಕಾರ ಸೇರಿಸುದು, ಮತ್ತೆ walked ಶಬ್ದವನ್ನು ವಾಕ್ಟ್ ಅನ್ನುವಲ್ಲಿ ವಾಕೆಡ್ ಅನ್ನುದು. ನಗುವವರ ಎದುರೇ ಇನ್ನೂ ಜಾಸ್ತಿ ಮಾತಾಡು, ಅದೇ ನಿಂಗೆ ಪ್ರಾಕ್ಟೀಸ್.

ಪ್ರಶ್ನೆ: ಟೀಚರ್, ರೀಡಿಂಗಲ್ಲಿ ಟೈಮೇ ಸಾಕಾಗುದಿಲ್ಲ. ಟ್ರೂ, ಫಾಲ್ಸ್, ನಾಟ್ ಗಿವನ್ ಅಂತ ಬರ್ತದಲ್ಲ, ಅದರಲ್ಲಿ ಎಲ್ಲ ತಪ್ಪು. ಲಿಸನಿಂಗಲ್ಲಿ ಒಂದು ಮಿಸ್ ಆದ್ರೆ ಮುಂದಿನದ್ದೂ ಹೋಗ್ತದೆ. (ಬದಿಯಡ್ಕದ ಇಬ್ಬರು ಗೆಳತಿಯರು)

ಉತ್ತರ: ನಾಟ್ ಗಿವನ್ ನಮ್ಮ ಮಕ್ಕಳಿಗೆ ಯಾಕೆ ಕಷ್ಟ ಅಂದ್ರೆ ನಮಗೆ ಮೊದಲೇ ಗೊತ್ತಿರುವುದನ್ನು ನಾವು ಪುಟದ ಒಳಗೆ ಓದಿಬಿಡ್ತೇವೆ. ಒಂದು ಪ್ಯಾರಾದಲ್ಲಿ, ಬೇಕಲ ಕೋಟೆಯನ್ನು 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ, ಅಂತ ಉಂಟು ಅಂತ ಇಟ್ಟುಕೊಳ್ಳಿ. ಕೋಟೆ ಕೆಳದಿ ಅರಸರದ್ದು ಅಂದ್ರೆ ಟ್ರೂ. ಟಿಪ್ಪು ಕಟ್ಟಿಸಿದ್ದು ಅಂದ್ರೆ ಫಾಲ್ಸ್, ಯಾಕಂದ್ರೆ ಪ್ಯಾರಾ ಅದಕ್ಕೆ ನೇರ ವಿರುದ್ಧ ಹೇಳ್ತದೆ. ಕಟ್ಟಿದ್ದು ಮುರಕಲ್ಲಿನಿಂದ ಅಂದ್ರೆ? ಮುರಕಲ್ಲಿನದ್ದೇ ಅಂತ ನೀವು ಕಣ್ಣಾರೆ ನೋಡಿದ್ದೀರಿ, ಆದ್ರೂ ಉತ್ತರ ನಾಟ್ ಗಿವನ್. ಪ್ಯಾರಾ ಆ ಬಗ್ಗೆ ಬಾಯಿ ಬಿಡ್ಲಿಲ್ಲ. ಉತ್ತರ ಬರಿವಾಗ ಪ್ರತಿ ಸಲವೂ ಬೆರಳು ಒಂದು ಸಾಲಿನ ಮೇಲೆ ಇಡ್ಲಿಕ್ಕೆ ಆಗ್ಬೇಕು, ಸಾಲು ಸಿಕ್ಕದಿದ್ರೆ ಅದು ನಾಟ್ ಗಿವನ್.

ಟೈಮಿಗೆ ಬಂದ್ರೆ, ಮೂರು ಪ್ಯಾಸೇಜ್, ಒಂದು ಗಂಟೆ, ಮೇಲೆ ಒಂದು ನಿಮಿಷವೂ ಕೊಡುದಿಲ್ಲ. ಒಂದಕ್ಕೆ ಇಪ್ಪತ್ತು ನಿಮಿಷ ಆದ ಕೂಡಲೇ ಮುಂದೆ ಹೋಗಿ. ಗೊತ್ತಿಲ್ಲದ ಶಬ್ದ ಸಿಕ್ಕಿದ್ರೆ ನಿಲ್ಬೇಡಿ.

ಲಿಸನಿಂಗ್ ಒಮ್ಮೆಯೇ ಹಾಕುದು, ಪುನಃ ಕೇಳಿಸುದಿಲ್ಲ. ಹೋದದ್ದು ಹೋಯ್ತು ಅಂತ ಬಿಟ್ಟು ಕಣ್ಣು ಮುಂದಿನ ಪ್ರಶ್ನೆಗೆ ಹಾಕ್ಬೇಕು, ಇದು ಅಭ್ಯಾಸದಿಂದ ಮಾತ್ರ ಬರುದು. ಮಂಗಳವಾರ ಬರ್ತೇನೆ, ಇಲ್ಲ ಇಲ್ಲ, ಗುರುವಾರ ಅಂತ ಮಾತು ತಿರುಗಿಸುದು ಅಲ್ಲಿ ಮಾಮೂಲು, ಮೊದಲು ಕೇಳಿದ್ದನ್ನೇ ಬರೆದು ಪೆನ್ ಕೆಳಗಿಡ್ಬೇಡಿ. ಸ್ಪೆಲ್ಲಿಂಗ್ ತಪ್ಪಿದ್ರೆ ಮಾರ್ಕ್ ಇಲ್ಲ, ಎರಡು ಶಬ್ದ ಮೀರ್ಬಾರದು ಅಂದಲ್ಲಿ ಮೂರು ಬರ್ದ್ರೂ ಇಲ್ಲ. ಬ್ರಿಟಿಷ್, ಅಮೆರಿಕನ್, ಆಸ್ಟ್ರೇಲಿಯನ್ ಎಲ್ಲ ತರದ ಉಚ್ಚಾರ ಬರ್ತದೆ, ಹಾಗಾಗಿ ಬಸ್ಸಲ್ಲಿ ಕಾಲೇಜಿಗೆ ಹೋಗುವಾಗ ಬಿಬಿಸಿಯದ್ದೋ ಆಸ್ಟ್ರೇಲಿಯಾದ ರೇಡಿಯೋದ್ದೋ ಸುದ್ದಿ ಕಿವಿಗೆ ಹಾಕಿಕೊಳ್ಳಿ, ಇಬ್ಬರೂ ಒಂದೇ ಕಾರ್ಯಕ್ರಮ ಕೇಳಿ, ಇಳಿದ ಮೇಲೆ ಅದರಲ್ಲಿ ಎಂತ ಇತ್ತು ಅಂತ ಒಬ್ಬರಿಗೊಬ್ಬರು ಇಂಗ್ಲಿಷಲ್ಲಿ ಹೇಳಿ. ಮತ್ತೆ ಪರೀಕ್ಷೆ ದಿವಸ ಯಾವುದನ್ನೂ ಖಾಲಿ ಬಿಡ್ಬೇಡಿ, ಗೊತ್ತಿಲ್ಲದಿದ್ರೂ ಒಂದು ಉತ್ತರ ಹಾಕಿ, ತಪ್ಪಾದ್ರೆ ಮೈನಸ್ ಮಾರ್ಕ್ ಇಲ್ಲ.