ಟಿಡಿಎಸ್ 1100 ಇದೆ, ಇಡೀ ಮನೆಗೆ ಆರ್‌ಓ ಹಾಕಿಸಲಾ?

ಬೇಡ.

ಬೆಂಗಳೂರಿನ ವರ್ತೂರಿನಲ್ಲಿ ಹೊಸ ಮನೆ, ನಲ್ಲಿ ತುಂಬಾ ಬಿಳಿ ಕಲೆ, ಹೆಂಡತಿಗೆ ಕೂದಲು ಉದುರುತ್ತಿದೆ, ಯಾರೋ ಮೀಟರ್ ಅದ್ದಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 1100 ತೋರಿಸಿದರು ಅಂತ ಬರೆದಿದ್ದೀರಿ. ನಾವಿರೋದು ನಿಮ್ಮ ಪಕ್ಕದ ಗುಂಜೂರಿನಲ್ಲೇ. ಹೆಸರು ಬದಲಿಸಿದರೆ ಇದು ನಮ್ಮ ಮನೆಯದೇ ಕಥೆ.

ನಾವು ಬಂದಾಗ ಬರೀ ಬೋರ್‌ವೆಲ್ ನೀರು. ತೊಗರಿ ಬೇಳೆ ಎಷ್ಟು ಸೀಟಿ ಹೊಡೆಸಿದರೂ ಮೆತ್ತಗಾಗುತ್ತಿರಲಿಲ್ಲ. ಅಮ್ಮ ಸಾರಿಗೆ ಹಿಂಡಿದ ಹುಣಸೆಹಣ್ಣಿನ ಚರಟದಲ್ಲಿ ನಲ್ಲಿ ಉಜ್ಜುತ್ತಿದ್ದರು. (ಅದು ನಿಜವಾಗಲೂ ಕೆಲಸ ಮಾಡುತ್ತದೆ. ಟೈಲ್ಸ್ ಆಸಿಡ್ ಹಾಕಬೇಡಿ, ನಲ್ಲಿಯ ಹೊಳಪೇ ಹೋಗುತ್ತದೆ.) ಅಷ್ಟರಲ್ಲಿ ಫಿಲ್ಟರ್ ಮಾರುವವರೊಬ್ಬರು ಬಂದು ಎರಡು ಲೋಟದಲ್ಲಿ ನೀರಿಟ್ಟು ಕರೆಂಟಿನ ಕಡ್ಡಿ ಅದ್ದಿದರು. ನಮ್ಮ ನೀರು ಕೆಸರಿನ ಬಣ್ಣಕ್ಕೆ ತಿರುಗಿತು, ಅವರ ಆರ್‌ಓ ನೀರು (ಲವಣ ಸೋಸಿ ತೆಗೆದದ್ದು) ಹಾಗೇ ಇತ್ತು. ಅಮ್ಮ ಗಾಬರಿಯಾದರು. ನಿಮಗೂ ಇದನ್ನು ಮಾಡಿ ತೋರಿಸಬಹುದು, ಹುಷಾರು. ಆ ಬಣ್ಣ ನೀರಿನ ಕೊಳೆ ಅಲ್ಲ, ಕಡ್ಡಿಯ ಕಬ್ಬಿಣ ಕರಗಿ ಬಂದಿದ್ದು. ಉಪ್ಪಿನಂಶ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಆರ್‌ಓ ನೀರಿನಲ್ಲಿ ಹೆಚ್ಚುಕಮ್ಮಿ ಹರಿಯುವುದೇ ಇಲ್ಲ. ಅಷ್ಟೇ ಜಾದೂ.

ನನಗೆ ಇದು ಗೊತ್ತಿತ್ತು. ಅದೇ ಜಂಬ ಮುಂದೆ ಮುಳುವಾಯಿತು. ನಾನು ಲ್ಯಾಬ್‌ನಲ್ಲೇ ಪರೀಕ್ಷೆ ಮಾಡಿಸಿ ಆಮೇಲೆ ಸಾಫ್ಟ್ನರ್ (ಗಡಸು ನೀರನ್ನು ಮೆದು ಮಾಡುವ ಯಂತ್ರ) ತಗೊಳ್ಳುತ್ತೇನೆ ಅಂತ ಮನೆಯವರ ಮುಂದೆ ಭಾಷಣ ಮಾಡಿದೆ. ಮಾಡಿಸಿದೆ ಕೂಡ. ತಪ್ಪಾಗಿದ್ದು ಬಾಟಲಿ ತುಂಬಿಸಿದ ದಿನದಲ್ಲಿ.

2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಶುರುವಾಯಿತಲ್ವಾ, ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಅಂತ. ಆಮೇಲೆ ನಮಗೂ ಸಂಪರ್ಕ ಸಿಕ್ಕಿತು. ಪೈಪನ್ನು ಇದ್ದ ಸಂಪಿಗೇ ಬಿಟ್ಟೆವು. ಬೋರ್ ನೀರೂ ಅದಕ್ಕೇ, ಟ್ಯಾಂಕರ್ ನೀರೂ ಅದಕ್ಕೇ. ನಾನು ಬಾಟಲಿ ತುಂಬಿಸಿದ್ದು ಕಾವೇರಿ ಬಂದು ಸಂಪು ತುಂಬಿದ ಮಾರನೇ ಬೆಳಿಗ್ಗೆ. ವರದಿಯಲ್ಲಿ ಗಡಸುತನ (ಸುಣ್ಣ ಕಟ್ಟಿಸುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಅಂಶ) ಲೀಟರಿಗೆ 210 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕದ ಮಿತಿ 200, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಪರವಾಗಿಲ್ಲ ಬಿಡು ಅಂದುಕೊಂಡು ಆ 210ಕ್ಕೆ ತಕ್ಕ ಸಣ್ಣ ಸಾಫ್ಟ್ನರ್ ತಂದೆ.

ಆಮೇಲೆ ಮಹಡಿಗೆ ಬಾಡಿಗೆಯವರು ಬಂದರು. ಕಾವೇರಿ ಸಾಲದಾಯಿತು, ಬೋರ್ ಜಾಸ್ತಿ ಓಡಿತು, ಟ್ಯಾಂಕರ್ ಸೇರಿತು. ಮತ್ತೆ ಬಿಳಿ ಕಲೆ. ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಸುಟ್ಟುಹೋಯಿತು. ಮೆಕ್ಯಾನಿಕ್ ಬಿಚ್ಚಿದಾಗ ಒಳಗೆ ಚಕ್ಕೆ ಚಕ್ಕೆ. ಸಾಫ್ಟ್ನರ್ ಕಂಪನಿಯವರು ಬಂದು ನೋಡಿ ಯಂತ್ರ ಸರಿಯಾಗೇ ಇದೆ ಅಂದರು. ಜಗಳ ಆಡಿದೆ. ಅವರು ಹೇಳಿದ್ದೇ ಸರಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸಾಫ್ಟ್ನರ್ ಒಳಗಿನ ರೆಸಿನ್ ಅನ್ನೋ ಸಣ್ಣ ಮಣಿಗಳ ರಾಶಿ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಒಂದು ಮಟ್ಟಕ್ಕೆ ಅದರ ಹೊಟ್ಟೆ ತುಂಬುತ್ತದೆ, ಆಗ ಉಪ್ಪುನೀರಿನಲ್ಲಿ ತೊಳೆದು ಮತ್ತೆ ತಯಾರು ಮಾಡಬೇಕು. ಒಂದು ಸುತ್ತಿಗೆ 1260 ಗ್ರಾಂ ಹಿಡಿಯುತ್ತದೆ ಅಂದುಕೊಳ್ಳಿ. ನೀರು 210 ಇದ್ದರೆ 6000 ಲೀಟರ್ ಬರುತ್ತದೆ. 630 ಆದರೆ 2000 ಲೀಟರಿಗೇ ಮುಗಿಯಿತು. ನನ್ನ ಯಂತ್ರದಲ್ಲಿ 6000ಕ್ಕೊಮ್ಮೆ ತೊಳೆಯುವಂತೆ ಇಟ್ಟಿದ್ದರು. ಅದು ಲೀಟರ್ ಎಣಿಸುತ್ತದೆ, ಗಡಸುತನ ನೋಡುವುದಿಲ್ಲ. ಹಾಗಾಗಿ 2000 ದಾಟಿದ ಮೇಲೆ ಉಳಿದ 4000 ಲೀಟರ್ ಇದ್ದ ಹಾಗೇ ಒಳಗೆ ಬಂದು ಹೊರಗೆ ಹೋಗುತ್ತಿತ್ತು. ಯಂತ್ರ ಸುಮ್ನೆ ಗೋಡೆಗೆ ಒರಗಿ ನಿಂತಿತ್ತು, ನಾನು ಉಪ್ಪು ಹಾಕುತ್ತಲೇ ಇದ್ದೆ. ಕಾಯಿಲ್ ಹೋಯಿತು, ಆ ಸಣ್ಣ ಯಂತ್ರವನ್ನು ಅರ್ಧ ಬೆಲೆಗೆ ಕೊಟ್ಟು ದೊಡ್ಡದು ತರಬೇಕಾಯಿತು.

ಈಗ ನಿಮ್ಮ 1100. ಆ ಮೀಟರ್ ನೋಡುವುದು ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ, ಅದೂ ಕರೆಂಟ್ ಹರಿಯುವ ಲೆಕ್ಕದಲ್ಲಿ. ಅದರಲ್ಲಿ ಸುಣ್ಣ ಕಟ್ಟುವುದೆಷ್ಟು ಅಂತ ಹೇಳುವುದಿಲ್ಲ. ನೈಟ್ರೇಟ್, ಫ್ಲೋರೈಡ್, ರೋಗಾಣು ಒಂದನ್ನೂ ಗುರುತಿಸಿ ಹೇಳುವುದಿಲ್ಲ. ಸಾಫ್ಟ್ನರ್ ಹಾಕಿದ ಮೇಲೂ ಮೀಟರ್ ಹೆಚ್ಚುಕಮ್ಮಿ 1100 ಅಂತಲೇ ತೋರಿಸುತ್ತದೆ. ಆಗ ಮೋಸ ಹೋದೆ ಅಂತ ಬೇಜಾರಾಗಬೇಡಿ.

ಇಡೀ ಮನೆಗೆ ಆರ್‌ಓ ಅನ್ನೋದು ನನ್ನ ಪ್ರಕಾರ ಹುಚ್ಚು. ಸ್ನಾನಕ್ಕೆ, ಬಟ್ಟೆಗೆ, ಕಮೋಡಿಗೆ ಆರ್‌ಓ ನೀರಾ? ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರಿನಲ್ಲಿ ದೊಡ್ಡ ಪಾಲು ಚರಂಡಿಗೆ ಹೋಗುತ್ತದೆ. ಆರ್‌ಓ ಏನಿದ್ದರೂ ಅಡುಗೆಮನೆಗೆ, ಅದೂ ಬೋರ್ ಅಥವಾ ಟ್ಯಾಂಕರ್ ನೀರು ಕುಡಿಯುವುದಾದರೆ. ಕಾವೇರಿ ನೀರಿಗೆ ಅದು ಬೇಡ. 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಓ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ 2019ರಲ್ಲಿ ಹೇಳಿತ್ತು.

ಕೂದಲಿನ ವಿಷಯ. ಗಡಸು ನೀರಿನಲ್ಲಿ ಸೋಪು ಜಿಡ್ಡಾಗಿ ಕೂತು ಕೂದಲು ಒರಟಾಗುತ್ತದೆ, ಸರಿ. ಬುಡದಿಂದ ಉದುರುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆ ಸಾಫ್ಟ್ನರ್ ಖರ್ಚು ಮಾಡಬೇಡಿ.

ನಿಮ್ಮದು ಹೊಸ ಮನೆ, ಪ್ಲಂಬರ್ ಇನ್ನೂ ಕೈಗೆ ಸಿಗುತ್ತಾರೆ. ಯಂತ್ರ ಆಮೇಲೆ, ಮೊದಲು ಪೈಪ್ ಬೇರೆ ಮಾಡಿಸಿ. ಕಾವೇರಿಗೆ ಒಂದು ಸಣ್ಣ ಸಂಪು, ಅಲ್ಲಿಂದ ಅಡುಗೆಮನೆಗೆ ಮಾತ್ರ ಲೈನ್. ಬೋರ್, ಟ್ಯಾಂಕರ್ ಬೇರೆ ಸಂಪಿಗೆ, ಅಲ್ಲಿಂದ ಬಚ್ಚಲು ಮತ್ತು ವಾಷಿಂಗ್ ಮಷಿನ್ ಲೈನಿಗೆ ಸಾಫ್ಟ್ನರ್. ಸಾಫ್ಟ್ನರ್ ನೀರನ್ನು ಕುಡಿಯಲು, ಗಿಡಕ್ಕೆ ಬಳಸಬೇಡಿ. ಸೋಡಿಯಂ ಇರುತ್ತದೆ, ಮನೆಯಲ್ಲಿ ಬಿಪಿ ಇರುವ ಹಿರಿಯರಿದ್ದರಂತೂ ಬೇಡವೇ ಬೇಡ. ತಾರಸಿ ನೀರನ್ನೂ ಫಿಲ್ಟರ್ ಮೂಲಕ ಈ ಎರಡನೇ ಸಂಪಿಗೆ ಬಿಡಿ. ಮಳೆನೀರಿನಲ್ಲಿ ಗಡಸುತನ ಇಲ್ಲವೇ ಇಲ್ಲ ಅನ್ನಬಹುದು. 100 ಚದರ ಮೀಟರ್ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ದರೂ ಹತ್ತಿರ ಹತ್ತಿರ 1000 ಲೀಟರ್. ನಾನು ಇದನ್ನು ಕೊನೆಗೆ ಮಾಡಿಸಿದೆ, ಮೊದಲೇ ಮಾಡಿಸಬೇಕಿತ್ತು.

ಪರೀಕ್ಷೆಗೆ ಹನಿ ಹಾಕುವ ಕಿಟ್ ಸಿಗುತ್ತದೆ. ಕೆಂಪು ಬಣ್ಣ ನೀಲಿಯಾಗುವ ತನಕ ಹನಿ ಎಣಿಸಿದರೆ ಆಯಿತು. ತಕ್ಷಣಕ್ಕೆ ಬೇಕಾದರೆ ಬಾಟಲಿಗೆ ಸ್ನಾನದ ಸೋಪು ತುರಿದು ಹಾಕಿ ಕುಲುಕಿ. ನೊರೆ ನಿಲ್ಲದೆ ನೀರು ಹಾಲಿನಂತೆ ಕದಡಿದರೆ ಗಡಸು ನೀರು. ಶಾಂಪೂ, ಹ್ಯಾಂಡ್‌ವಾಶ್ ಹಾಕಬೇಡಿ, ಅವು ಎಂಥ ನೀರಿನಲ್ಲೂ ನೊರೆ ಬರುತ್ತವೆ.

ಸಂಪಿನಿಂದ ಮಾತ್ರ ತುಂಬಿಸಬೇಡಿ. ಬೋರ್ ಪೈಪಿನ ಬಾಯಿಂದ ಒಂದು, ಟ್ಯಾಂಕರ್ ಪೈಪಿನಿಂದ ಒಂದು, ಕಾವೇರಿ ಇದ್ದರೆ ಅದರದ್ದೊಂದು, ಮೂರನ್ನೂ ಬೇರೆ ಬೇರೆ ನೋಡಿ. ಅದರಲ್ಲಿ ಅತಿ ಕೆಟ್ಟ ಅಂಕಿಯನ್ನೂ ಮನೆಯಲ್ಲಿ ಎಷ್ಟು ಜನ ಅನ್ನೋದನ್ನೂ ಇಲ್ಲಿ ಕಾಮೆಂಟಿನಲ್ಲಿ ಹಾಕಿ, ಎಷ್ಟು ರೆಸಿನ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.