ಪ್ರತಿ: ನೀರ್ಚಾಲಿನಲ್ಲಿರುವ ಅಪ್ಪನಿಗೆ ಪದಬಂಧ ಸಾಕಾ?

ಅಪ್ಪನಿಗೆ 70 ದಾಟಿದೆ, ಹೆಸರುಗಳು ಮರೆತುಹೋಗುತ್ತಿವೆ, ದಿನವಿಡೀ ಜಗಲಿಯಲ್ಲಿ ಕೂತು ಪದಬಂಧ ಬಿಡಿಸುತ್ತಾರೆ, ಮೆದುಳಿನ ಆಟದ ಆ್ಯಪ್‌ಗೆ ದುಡ್ಡು ಕಟ್ಟಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮೊದಲು ಅವರನ್ನು ಕುರ್ಚಿಯಿಂದ ಎಬ್ಬಿಸಿ.

ಪದಬಂಧ ಸುಮ್ನೆ ಅಂತಲ್ಲ. ಆದರೆ ಯಾವುದನ್ನು ಅಭ್ಯಾಸ ಮಾಡುತ್ತೇವೋ ಅದರಲ್ಲೇ ಚುರುಕಾಗುವುದು ಜಾಸ್ತಿ. ಅಮೆರಿಕದಲ್ಲಿ 65 ದಾಟಿದ 2,800ಕ್ಕೂ ಹೆಚ್ಚು ಜನರಿಗೆ ನೆನಪು, ಯೋಚನೆಯಂಥ ಮೆದುಳಿನ ತರಬೇತಿ ಕೊಟ್ಟು ನೋಡಿದಾಗಲೂ ಹೀಗೇ ಕಂಡಿತು. ನಡಿಗೆಯ ಕಥೆ ಬೇರೆ. 2011ರ ಒಂದು ಅಧ್ಯಯನದಲ್ಲಿ ವರ್ಷವಿಡೀ ವಾರಕ್ಕೆ 3 ದಿನ ನಡೆದ ಹಿರಿಯರ ಹಿಪೊಕ್ಯಾಂಪಸ್, ಅಂದರೆ ನೆನಪಿಗೆ ಬೇಕಾದ ಮೆದುಳಿನ ಭಾಗ, ಸುಮಾರು ಶೇ. 2ರಷ್ಟು ಬೆಳೆದಿತ್ತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದ್ದು ಕುಗ್ಗಿತ್ತು!

ವಾರಕ್ಕೆ 150 ನಿಮಿಷ ಗುರಿ ಇಟ್ಟುಕೊಳ್ಳಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ನಮ್ಮ ಕಡೆ ಮಳೆಗಾಲದಲ್ಲಿ ಅಂಗಳ, ತೋಟದ ದಾರಿ ಎಲ್ಲಾ ಪಾಚಿ ಕಟ್ಟಿ ಜಾರುತ್ತದೆ. ಆಗ ಚಾವಡಿಯಲ್ಲೇ ನಡೆಯಲಿ, ಕೈ ಊರದೆ ಕುರ್ಚಿಯಿಂದ ಎದ್ದು ಕೂರಲಿ.

ಮೆದುಳಿಗೆ ಕೆಲಸ ಬೇಕಿದ್ದರೆ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಕೂಟಕ್ಕೆ ಕರೆದುಕೊಂಡು ಹೋಗಿ. ಅರ್ಥ ಹೇಳಲು, ಅಂದರೆ ತಾವೇ ಪಾತ್ರವಾಗಿ ಮಾತಾಡಲು ಒಪ್ಪಿದರೆ ಇನ್ನೂ ಒಳ್ಳೆಯದು. ಪದ್ಯ ನೆನಪಿರಬೇಕು, ಎದುರಾಳಿ ಎಸೆದ ಪ್ರಶ್ನೆಗೆ ಅಲ್ಲೇ ಉತ್ತರ ಹುಟ್ಟಬೇಕು. ಯಾವ ಆ್ಯಪ್ ಇಷ್ಟು ಬೆವರಿಳಿಸುತ್ತದೆ, ಅಲ್ವಾ?

ಒಂದು ಮಾತು. ಹೆಸರು ಮರೆಯುವುದು ಬೇರೆ, ಗೊತ್ತಿರುವ ದಾರಿ ತಪ್ಪುವುದು ಬೇರೆ. ಎರಡನೆಯದು ಕಂಡರೆ ತಡಮಾಡದೆ ಡಾಕ್ಟರರಿಗೆ ತೋರಿಸಿ. ವಿಟಮಿನ್ ಬಿ12, ಥೈರಾಯ್ಡ್, ಕಿವಿ, ಇವುಗಳ ತೊಂದರೆಯೂ ಮರೆವಿನ ಹಿಂದೆ ಇರಬಹುದು, ಮೂರನ್ನೂ ಪರೀಕ್ಷೆ ಮಾಡಿಸಿ.